ಉಗುರಗಲದ ಕಾರ್ಡು

ಹಂಪಮ್ಮನ ಬಾಯಿಗೆ ಹೆದರದವರು ಆ ಊರಲ್ಲಿ ಇಬ್ಬರೇ: ಒಂದು ಅವಳ ಎಮ್ಮೆ, ಇನ್ನೊಂದು ಅವಳ ಗಂಡ ಶಾಂತಪ್ಪ. ಎಮ್ಮೆಗೆ ತಿಳಿಯುತ್ತಿರಲಿಲ್ಲ, ಶಾಂತಪ್ಪ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆ ಎಮ್ಮೆಯೇ ಮೊನ್ನೆ ಅವಳ ಮೊಬೈಲನ್ನು ತುಳಿದು ಚೂರು ಮಾಡಿತ್ತು.

ಮೊಬೈಲು ಹಾಳಾಗಿ ಹೋಗಲಿ, ಅದರೊಳಗೆ ಅವಳೂ ಗೆಳತಿಯರೂ ಹಾಡಿದ ಸೋಬಾನ ಪದದ ವಿಡಿಯೊ ಇತ್ತು. ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಹಾಡಿನ ಸ್ಪರ್ಧೆ. ಇವತ್ತು ಸಂಜೆ ಐದರೊಳಗೆ ವಿಡಿಯೊ ಕಳಿಸಬೇಕು. ಮತ್ತೊಮ್ಮೆ ಹಾಡೋಣವೆಂದರೆ ಕಾಲುವೆಗೆ ನೀರು ಬಿಟ್ಟಾಗಿತ್ತು, ಗೆಳತಿಯರೆಲ್ಲ ಭತ್ತದ ನಾಟಿಗೆ ಹೋಗಿದ್ದರು. ಈಗ ಅವರನ್ನು ಕೂಡಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ. ಅವಳ ಹಾಡನ್ನು ಊರೆಲ್ಲ ಹೊಗಳಿತ್ತು, ಶಾಂತಪ್ಪ ಮಾತ್ರ ಮದುವೆಯಾದಾಗಿನಿಂದ ಒಂದು ಸಲವೂ ಚಲೋ ಅಂದಿರಲಿಲ್ಲ. ಕಲಬುರಗಿಯವರಾದರೂ ಅನ್ನಲಿ ಎಂಬ ಹಟ ಅವಳದು.

ಪುಣ್ಯಕ್ಕೆ ಮೆಮೊರಿ ಕಾರ್ಡು ಉಳಿದಿತ್ತು. ಟೀಚರ್ ಅಮೃತಮ್ಮ ಅದನ್ನು ಬಿಡಿಸಿ, ಲ್ಯಾಪ್‌ಟಾಪಿಗೆ ಬೇಕಾಗುತ್ತದೆಂದು ಕಾರ್ಡು ಕೂಡುವ ಒಂದು ಕರಿ ಅಡಾಪ್ಟರನ್ನೂ ಜೊತೆಗೆ ಕೊಟ್ಟಳು. ದೊಡ್ಡದೇ ಮುಖ್ಯವೆಂದುಕೊಂಡು ಹಂಪಮ್ಮ ಅಡಾಪ್ಟರನ್ನು ತನ್ನ ಚೀಲಕ್ಕೆ ಹಾಕಿದಳು. ಸಣ್ಣದೂ ಕಳೆಯಬಾರದೆಂದು ಉಗುರಗಲದ ಕಾರ್ಡನ್ನು ಬೆಳಗಿನ ಪೂಜೆಗೆ ಕುಳಿತ ಗಂಡನಿಗೆ ಕೊಟ್ಟು, "ಜೀವದಂಗ ಜ್ವಾಕಿ ಮಾಡ್ರಿ" ಎಂದಳು.

ಮಧ್ಯಾಹ್ನ ಗಂಡ ಹೆಂಡತಿ ಬಸ್ಸು ಹಿಡಿದು ಶಹಾಪುರಕ್ಕೆ, ಮೆಹಬೂಬನ ಕಂಪ್ಯೂಟರ್ ಅಂಗಡಿಗೆ ಬಂದರು. ಮೆಹಬೂಬ ಅಡಾಪ್ಟರನ್ನು ಲ್ಯಾಪ್‌ಟಾಪಿಗೆ ತೂರಿಸಿದ. ಏನೂ ಬರಲಿಲ್ಲ. ಹೊರಗೆ ತೆಗೆದು ನೋಡಿ ನಕ್ಕುಬಿಟ್ಟ.

"ಅವ್ವಾ, ಇದು ಬರೇ ಮನಿ. ಒಳಗ ಮಂದೀನ ಇಲ್ಲ. ಸಣ್ಣ ಕಾರ್ಡ್ ಎಲ್ಲದರಿ?"

"ನಮ್ಮವರ ಹತ್ರ ಅದ. ಕೊಡ್ರೀ."

ಶಾಂತಪ್ಪ ಎದೆಯ ಮೇಲಿನ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಮುಟ್ಟಿಕೊಂಡ. "ಲಿಂಗದ ಜೋಡಿ ಇಟ್ಟೀನಿ. ಜಳಕಾ ಮಾಡಿ ಪೂಜಿಗಿ ಕುಂತಾಗ ಮಾತ್ರ ತೆಗೀಬೇಕು."

"ಬೆಳಿಗ್ಗಿ ಮಾಡೀರಲ್ರೀ ಜಳಕಾ!"

"ಅದು ಬೆಳಗಿನ ಪೂಜಿದಾತು."

ಗಡಿಯಾರ ನಾಲ್ಕು ದಾಟಿತ್ತು. "ಅಂಗಿಗಿ ಕಿಸೆ ಹೊಲಿಸಿದ್ದು ಯಾತಕ್ರಿ, ಗಾಳಿ ತುಂಬಾಕೇನು?" ಎಂದು ಹಂಪಮ್ಮ ಶುರು ಮಾಡಿದಳು. ಆದರೆ ಕರಡಿಗೆ ತೆರೆಯಿರಿ ಎನ್ನಲು ಅವಳಿಗೂ ಬಾಯಿ ಬರಲಿಲ್ಲ. ಅಳು ಬಂತು.

ಅಂಗಡಿಯ ನಳದಲ್ಲಿ ಹನಿ ನೀರಿಲ್ಲ. "ಕಾಲುವಿ ಅದಲ್ರಿ ಕಾಕಾ!" ಎಂದ ಮೆಹಬೂಬ, ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಬೈಕು ತೆಗೆದ. ಮೂವರೂ ಅದರ ಮೇಲೆಯೇ ಶಹಾಪುರದ ಹೊರಗಿನ ಕಾಲುವೆಗೆ ಬಂದರು.

"ಕಾರ್ಡ್ ತೊಯ್ದೀತ್ರೀ!" ಎಂದು ಹಂಪಮ್ಮ ದಂಡೆಯಿಂದ ಕೂಗಿದಳು. ಶಾಂತಪ್ಪ ಒಂದು ಕೈಯಲ್ಲಿ ಕರಡಿಗೆಯನ್ನು ಹಣೆಯ ಮಟ್ಟಕ್ಕೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ನೀರು ಮೊಗೆದು ಮೈಗೆ ಹಾಕಿಕೊಂಡ. ಮೇಲೆ ಬಂದು ಒದ್ದೆ ಧೋತರದಲ್ಲೇ ಪೂಜೆಗೆ ಕುಳಿತ. ಹಂಪಮ್ಮ ತಲೆಯೆತ್ತಿ ಇಳಿಯುತ್ತಿದ್ದ ಸೂರ್ಯನನ್ನು ನೋಡಿದಳು. ಮನೆಯಲ್ಲಿ ಅವನ ಪೂಜೆ ಮುಗಿಯುವಷ್ಟರಲ್ಲಿ ಅವಳು ಹಿಟ್ಟು ನಾದಿ ಬುಟ್ಟಿ ತುಂಬ ರೊಟ್ಟಿ ಬಡಿಯುತ್ತಿದ್ದಳು.

ಶಾಂತಪ್ಪ ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದ, ತೆರೆದ, ಕಾರ್ಡನ್ನು ಮುಂದೆ ಚಾಚಿದ.

"ಇಷ್ಟಕ್ಕ ಆತೇನ್ರಿ ಪೂಜಿ?"

"ಉಳಿದದ್ದು ಸಂಜಿಗಿ. ಶಿವ ಕಾಯ್ತಾನ, ನಿನ್ನ ಐದು ಗಂಟಿ ಕಾಯಂಗಿಲ್ಲ."

ಮೆಹಬೂಬ ಕಾರ್ಡನ್ನು ಅಡಾಪ್ಟರಿಗೆ, ಅಡಾಪ್ಟರನ್ನು ಲ್ಯಾಪ್‌ಟಾಪಿಗೆ ಹಾಕಿದ. ಸೋಬಾನ ಪದ ಕಾಲುವೆಯ ದಂಡೆಯ ಮೇಲೆ ಗಟ್ಟಿಯಾಗಿ ಕೇಳಿತು. ವಿಡಿಯೊ ಇಳಿಸಿಕೊಂಡು, ತನ್ನ ಮೊಬೈಲಿನ ನೆಟ್ಟಿನಿಂದ ಕಳಿಸಿ, "ಹೋತ್ರೀ ಅವ್ವಾ!" ಎಂದ. ಐದಕ್ಕೆ ಇನ್ನೂ ಚೂರು ಹೊತ್ತಿತ್ತು.

ಹಂಪಮ್ಮನ ಸಿಟ್ಟು ಇಳಿದಿತ್ತು, ನಾಲಿಗೆ ಸುಮ್ಮನಿರಲಿಲ್ಲ. "ಅಲ್ರೀ, ಇಡಾಕ ಬ್ಯಾರೆ ಜಾಗಾನ ಸಿಗಲಿಲ್ಲೇನು?"

ಶಾಂತಪ್ಪ ಧೋತರ ಹಿಂಡುತ್ತ ಹೇಳಿದ: "ಜೀವದಂಗ ಜ್ವಾಕಿ ಮಾಡ್ರಿ ಅಂದಿ. ನಾ ಜೀವ ಇಡೂ ಜಾಗಾ ಅದೊಂದ."

ಕಲಬುರಗಿಯವರು ಏನು ಅಂದರೂ ಈಗ ಹಂಪಮ್ಮನಿಗೆ ಅಷ್ಟೇ. ಸೆರಗಿನಿಂದ ಗಂಡನ ಒದ್ದೆ ತಲೆ ಒರೆಸಿದಳು. ಮೆಹಬೂಬ ಅತ್ತ ತಿರುಗಿ ಪದವನ್ನು ಇನ್ನೊಮ್ಮೆ ಹಚ್ಚಿದ.