ಒಂದು ಗೇಣು ಎತ್ತರ

ವೀರಬಸಮ್ಮನವರು ಗೋಡೆ ಹಿಡಿದು ಬಗ್ಗಿ, ಮಗನ ಮೋಟಾರು ಗಾಡಿಯ ಹೊಟ್ಟೆಯ ಕೆಳಗೆ ಇಣುಕಿದರು. ಬಲಮಂಡಿ ಮಡಚುತ್ತಿರಲಿಲ್ಲ. ಹಾಗಾಗಿ ಆ ಕಾಲನ್ನು ಪಕ್ಕಕ್ಕೆ ಚಾಚಿಕೊಂಡೇ ಬಗ್ಗಬೇಕಾಗಿತ್ತು. ಮಂಚದ ಕೆಳಗೆ ಬಿದ್ದ ಸೌಟನ್ನು ಹುಡುಕುವವರ ಹಾಗೆ ಅವರು ಆ ಕಡೆ ಈ ಕಡೆ ಕಣ್ಣಾಡಿಸಿದರು.

"ರೇಣುಕ, ಹಿಂದಿನ ಚಕ್ರದ ಮಧ್ಯ ಒಂದು ಕುಂಬಳಕಾಯಿ ಜೋತು ಬಿದ್ದಿದ್ಯಲ್ಲೋ, ಅದೆಂತದು?"

"ಅದರೊಳಗೆ ಹಲ್ಲಿನ ಚಕ್ರ ಇರ್ತದೆ ಅವ್ವ. ಅದೇ ಗಾಡಿನ ತಳ್ಳೋದು."

"ನೀನು ಗಾಡಿ ಎತ್ತರಿಸಿದ ಮೇಲೂ ಅದು ಇದ್ದಲ್ಲೇ ಇದ್ಯಲ್ಲ?"

ರೇಣುಕಪ್ಪ ಬಟ್ಟೆ ತೆಗೆದು ಗಾಡಿಯ ದೀಪ ಒರೆಸತೊಡಗಿದ. ಎದುರು ಅಂಗಡಿಯ ಮಲ್ಲೇಶಪ್ಪ ಅಲ್ಲಿಂದಲೇ ಕೂಗಿದ. "ಅಲ್ಲೇ ಇರ್ತದೆ ಬಸಮ್ಮಕ್ಕ! ನಿಮ್ಮ ಮಗ ಮನೆ ಎತ್ತರಿಸ್ಲಿಲ್ಲ, ಅಟ್ಟ ಎತ್ತರಿಸಿದ!"

ಯುದ್ಧದ ಮಾತು ಇನ್ನೂ ಪತ್ರಿಕೆಯಲ್ಲಷ್ಟೇ ಇದ್ದ ವರ್ಷ ಅದು. ಕೊಪ್ಪದ ಪೇಟೆಗೆ ಮೋಟಾರು ಬಂತೆಂದರೆ ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬರುತ್ತಿದ್ದರು. ಕಾಫಿ ತೋಟದ ದೊರೆಯೊಬ್ಬ ಊರು ಬಿಡುವಾಗ ಮಾರಿದ ಹಳೆಯ ಕಾರನ್ನು ರೇಣುಕಪ್ಪ ತಂದು, ಹಿಂದಿನ ಸೀಟು ಕಿತ್ತು, ಮತ್ತಿಮರದ ಹಲಗೆ ಹಾಸಿ, ಸುತ್ತ ಮೊಳದೆತ್ತರದ ಕಟಕಟೆ ಕಟ್ಟಿಸಿದ್ದ. ಮುಂದೆ ಇಬ್ಬರು ಕೂರಬಹುದು, ಹಿಂದೆ ಮೂಟೆ ಹೇರಬಹುದು. ಅಷ್ಟಕ್ಕೇ ಬಿಟ್ಟಿದ್ದರೆ ಪೇಟೆ ಸುಮ್ಮನಿರುತ್ತಿತ್ತು. ಆದರೆ ಅವನು ಕಮ್ಮಾರ ಮಾರಪ್ಪನ ಕುಲುಮೆಯಲ್ಲಿ ದಿನಗಟ್ಟಲೆ ಕೂತು, ಸ್ಪ್ರಿಂಗಿಗೆ ಹೆಚ್ಚಿನ ಪಟ್ಟಿ ಸೇರಿಸಿ, ಸ್ಪ್ರಿಂಗಿಗೂ ಅಚ್ಚಿಗೂ ನಡುವೆ ಮರದ ತುಂಡು ಇಟ್ಟು ಬಿಗಿಸಿ, ಗಾಡಿಯನ್ನು ಒಂದು ಗೇಣು ಮೇಲಕ್ಕೆತ್ತಿಸಿದ.

"ಗಾಡಿಗೆ ಮರಗಾಲು ಕಟ್ಟಿಸಿದ್ಯಲ್ಲ ಮಾರಾಯ, ಕುಣೀತದಾ?" ಎಂದು ಮಲ್ಲೇಶಪ್ಪ ಮೊದಲ ದಿನವೇ ಕೇಳಿದ್ದ.

"ಸೀತೂರಿನ ದಾರೀಲಿ ಹೋಗಿ ನೋಡು," ಎಂದಿದ್ದ ರೇಣುಕಪ್ಪ. "ಎತ್ತಿನ ಗಾಡಿ ಓಡಾಡಿ ಓಡಾಡಿ ಎರಡು ಬದಿ ಮೊಳಕಾಲುದ್ದ ಹಳ್ಳ, ನಡುವೆ ದಿಬ್ಬ. ತಗ್ಗಿನ ಗಾಡಿ ಹೋದ್ರೆ ಹೊಟ್ಟೆ ಕೆಳಗಿನ ಎಣ್ಣೆ ತಟ್ಟೆ ಹರಿದುಹೋಗ್ತದೆ."

"ಶೋಕಿ ಮಾಡೋರಿಗೆಲ್ಲ ಒಂದೊಂದು ಕಾರಣ ಇರ್ತದೆ ಬಿಡು."

ವೀರಬಸಮ್ಮನವರಿಗೆ ಇಬ್ಬರ ಮಾತೂ ಸರಿ ಅನ್ನಿಸಿತು. ಮಗನನ್ನು ಅವರು ಬಲ್ಲರು. ಊರಿನವರ ಪೇಟಕ್ಕೆ ಮೂರು ಸುತ್ತಾದರೆ ಇವನದಕ್ಕೆ ನಾಲ್ಕು. ಆದರೆ ಸೀತೂರಿನ ದಾರಿಯನ್ನೂ ಅವರು ಬಲ್ಲರು. ಎರಡು ವರ್ಷದ ಹಿಂದೆ ಎತ್ತಿನ ಗಾಡಿಯಲ್ಲಿ ತಂಗಿಯ ಮನೆಗೆ ಹೊರಟು, ಕುಲುಕಾಟಕ್ಕೆ ಮಂಡಿ ಊದಿ, ಅರ್ಧದಿಂದಲೇ ಅಳುತ್ತ ವಾಪಸಾಗಿದ್ದರು. ಮಂಡಿ ಮರಗಟ್ಟಿದ್ದು ಆಮೇಲೆಯೇ.

ಈಗ ಸೀತೂರಿನಿಂದ ಬಂದ ಆಳಿನ ಬಾಯಲ್ಲಿ ತಂಗಿ ಗಂಗಾಂಬಿಕೆ ಹೇಳಿಕಳಿಸಿದ್ದಳು. ಕಣ್ಣಿಗೆ ಪೊರೆ ದಟ್ಟವಾಗುತ್ತಿದೆ, ಮಳೆಗಾಲ ಕಳೆಯುವ ಹೊತ್ತಿಗೆ ಏನು ಉಳಿಯುತ್ತದೋ ಗೊತ್ತಿಲ್ಲ, ಅಷ್ಟರೊಳಗೆ ಅಕ್ಕನ ಮುಖ ಒಂದು ಸಲ ನೋಡಬೇಕು, ಎಂದು. ಆ ಮಾತು ಕೇಳಿದ ದಿನದಿಂದ ವೀರಬಸಮ್ಮನವರಿಗೆ ಊಟ ಸೇರುತ್ತಿರಲಿಲ್ಲ. "ನಿನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಕ್ಕೇ ಗಾಡಿ ಎತ್ತರಿಸಿದ್ದು ಅವ್ವ," ಎಂದಿದ್ದ ರೇಣುಕಪ್ಪ.

ಹೊರಡುವ ದಿನ ತೊಡಕು ಎದುರಾಯಿತು. ಗಾಡಿ ಎತ್ತರವಾದ ಮೇಲೆ ಅವರಿಂದ ಹತ್ತಲಾಗಲಿಲ್ಲ. ಹೇಗೋ ಎತ್ತಿ ಕೂರಿಸೋಣವೆಂದರೆ ಮುಂದಿನ ಸೀಟಿನಲ್ಲಿ ಚಾಚಿದ ಕಾಲಿಗೆ ಜಾಗವಿಲ್ಲ.

"ನನಗೋಸ್ಕರ ಎತ್ತರಿಸ್ದೆ ಅಂತೀಯ, ನನಗೇ ಹತ್ತಕ್ಕಾಗಲ್ವಲ್ಲೋ!" ಎಂದು ಅವರು ನಕ್ಕುಬಿಟ್ಟರು. ಮಗನ ಮುಖ ಸಣ್ಣದಾದದ್ದು ಕಂಡು ನಗು ನಿಲ್ಲಿಸಿ, "ಇರ್ಲಿ, ನಿಮ್ಮಪ್ಪನ ಕುರ್ಚಿ ತರಿಸು," ಎಂದರು.

ಕೈಯಿರುವ ದೊಡ್ಡ ಕುರ್ಚಿ ಅದು. ಅವರನ್ನು ಅದರಲ್ಲಿ ಕೂರಿಸಿ, ಕೆಳಗೆ ಎರಡು ಬಿದಿರು ಕೊಟ್ಟು, ನಾಲ್ಕು ಜನ ಎತ್ತಿ ಹಲಗೆಯ ಮೇಲಿಟ್ಟು, ಹಗ್ಗದಿಂದ ಕಟಕಟೆಗೆ ಕಟ್ಟಿದರು. ಗಾಡಿಯ ಮೊದಲ ಪಯಣವೆಂದು ಸೊಸೆ ಸರೋಜ ಆಗಲೇ ಪೂಜೆ ಮಾಡಿ, ನಾಲ್ಕು ಮೂಲೆಗೂ ಬಾಳೆಕಂದು ಕಟ್ಟಿ, ಉದ್ದಕ್ಕೂ ಚೆಂಡುಹೂವಿನ ಮಾಲೆ ಬಿಟ್ಟಿದ್ದಳು. ಉಳಿದ ಒಂದು ಹಾರವನ್ನು ಪ್ರೀತಿಯಿಂದ ಅತ್ತೆಯ ಕೊರಳಿಗೇ ಹಾಕಿದಳು. ಆಳು ಕರಿಯಣ್ಣ ಕುರ್ಚಿಯ ಪಕ್ಕ ನಿಂತು ಒಂದು ಕೈಯಲ್ಲಿ ಅದರ ಬೆನ್ನು ಹಿಡಿದುಕೊಂಡ. ಗಾಡಿ ಹೊರಟಿತು.

ಇಂಥ ಎತ್ತರದಲ್ಲಿ ವೀರಬಸಮ್ಮನವರು ಯಾವತ್ತೂ ಕೂತಿರಲಿಲ್ಲ. ಬೇಲಿಗಳ ಆಚೆಯ ಹಿತ್ತಿಲು, ಒಣಹಾಕಿದ ಹಪ್ಪಳ, ಗದ್ದೆಯ ಮೂಲೆಯ ಬಾವಿ, ಎಲ್ಲ ಕಾಣುತ್ತಿತ್ತು. ಇದಕ್ಕೇ ಇರಬೇಕು ದೊರೆಗಳು ಮೇಲೆ ಕೂರುವುದು ಎಂದುಕೊಂಡರು. ಪೇಟೆ ದಾಟಿದ ಮೇಲೆ ಇನ್ನೊಂದು ವಿಚಿತ್ರ ಕಂಡಿತು. ಎದುರು ಬಂದ ಗಾಡಿಯವನೊಬ್ಬ ಎತ್ತುಗಳನ್ನು ಪಕ್ಕಕ್ಕೆ ಸರಿಸಿ, ಕೆಳಗಿಳಿದು, ರುಮಾಲು ತೆಗೆದು ಕೈಮುಗಿದ. ಮುಂದೆ ದಾರಿಬದಿಯ ಅಂಗಡಿಯವನು ಎದ್ದುನಿಂತು ಅರ್ಧ ಬಾಗಿಲು ಹಾಕಿದ. ಒಬ್ಬಳು ಹೆಂಗಸು ಮಗುವನ್ನು ಒಳಗೆ ಕಳಿಸಿ ತಲೆ ತಗ್ಗಿಸಿ ನಿಂತಳು.

"ಕರಿಯಣ್ಣ, ಒಂದು ಗೇಣು ಮೇಲೆ ಕೂತ್ರೆ ಜನ ಎಷ್ಟು ಮರ್ಯಾದೆ ಕೊಡ್ತಾರೆ ನೋಡೋ!"

"ಹೌದು ಅಮ್ಮಾರೆ," ಎಂದ ಕರಿಯಣ್ಣ. ಅವನೂ ಎದೆ ಸೆಟೆಸಿಕೊಂಡೇ ನಿಂತಿದ್ದ.

ಹಾಗಾದರೆ ಇದು ಶೋಕಿಗೇ ಇರಬೇಕು ಎಂದು ವೀರಬಸಮ್ಮನವರು ತೀರ್ಮಾನಿಸುವಷ್ಟರಲ್ಲಿ ದೊಡ್ಡ ರಸ್ತೆ ಬಿಟ್ಟು ಗಾಡಿದಾರಿ ಬಂತು. ಮಗ ಹೇಳಿದಂತೆಯೇ ಎರಡು ಬದಿ ಹಳ್ಳ, ನಡುವೆ ದಿಬ್ಬ. ಅವರು ಕಿವಿಗೊಟ್ಟು ಕೂತರು. ಮುಂದಿನ ಹೊಟ್ಟೆ ದಿಬ್ಬಕ್ಕೆ ತಾಕಲಿಲ್ಲ. ಹಿಂದಿನ ಕುಂಬಳಕಾಯಿ ಮಾತ್ರ ಅಲ್ಲಲ್ಲಿ ಕರ್ ಕರ್ ಎಂದು ಮಣ್ಣು ಕೆರೆಯುತ್ತ ಬಂತು. ಮಲ್ಲೇಶಪ್ಪನೂ ಗೆದ್ದ, ರೇಣುಕನೂ ಗೆದ್ದ. ತೂಗಾಟ ಮಾತ್ರ ಹೆಚ್ಚಾಗಿತ್ತು. ಎತ್ತರದಲ್ಲಿ ಅದು ತೊಟ್ಟಿಲ ಹಾಗಲ್ಲ, ಗಾಳಿಗೆ ಸಿಕ್ಕ ಅಡಿಕೆ ಮರದ ತುದಿಯ ಹಾಗೆ. ಅವರಿಗೆ ತಲೆ ಸುತ್ತಿತು. ಕಣ್ಣು ಮುಚ್ಚಿ, ಸೆರಗು ತಲೆ ಮೇಲೆ ಎಳೆದುಕೊಂಡು, ಕುರ್ಚಿಗೆ ಒರಗಿದರು.

ದಾರಿಗೆ ಅಡ್ಡ ಹರಿಯುವ ಹಳ್ಳದ ದಂಡೆಯಲ್ಲಿ ಗಾಡಿ ನಿಂತಿತು. ರೇಣುಕಪ್ಪ ಕೋಲು ಹಿಡಿದು ನೀರಿನ ಆಳ ನೋಡಲು ಸ್ವಲ್ಪ ಕೆಳಗಿನ ಕಡೆಗೆ ಹೋದ. ಕರಿಯಣ್ಣ ಇಂಜಿನ್ನಿಗೆ ಹಾಕಲು ನೀರು ತರಲು ಡಬ್ಬ ಹಿಡಿದು ಇಳಿದ. ಕಣ್ಣು ಬಿಟ್ಟರೆ ಮತ್ತೆ ತಲೆ ಸುತ್ತೀತೆಂದು ವೀರಬಸಮ್ಮನವರು ಹಾಗೇ ಕೂತಿದ್ದರು. ಆಗ ದರಗಿನ ಹೊರೆ ಹೊತ್ತ ಆಳುಗಳ ಕಾಲಸಪ್ಪಳ ಕೇಳಿಸಿತು. ಒಣಎಲೆಯ ಹೊರೆಗಳು ಧೊಪ್ಪೆಂದು ಕೆಳಗೆ ಬಿದ್ದವು.

"ಅಯ್ಯಯ್ಯೋ, ಕೊಪ್ಪದ ಬಸಮ್ಮಾರಲ್ವನೇ!" ಒಂದು ಹೆಣ್ಣುದನಿ. ಅದು ಅಡಿಕೆ ಸುಲಿಯಲು ಪ್ರತಿ ವರ್ಷ ಅವರ ಮನೆಗೆ ಬರುತ್ತಿದ್ದ ಕಮಲಕ್ಕನದು. "ಯಾವಾಗ ಹೋದ್ರೋ ಏನೋ. ಮುಖ ನೋಡು, ಮಲಗಿದಂಗೆ ಅದೆ."

ವೀರಬಸಮ್ಮನವರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅವರ ಜನದಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಹಾರ ಹಾಕಿ, ಬಾಳೆಕಂದು ಹೂವು ಕಟ್ಟಿದ ವಿಮಾನವೆಂಬ ಮಂಟಪದಲ್ಲಿ ಕೂರಿಸಿ, ಮೇಲಕ್ಕೆತ್ತಿ ಒಯ್ಯುತ್ತಾರೆ. ಬಾಳೆಕಂದು, ಹೂವು, ಹಾರ, ಕುರ್ಚಿ, ಎಲ್ಲ ಇತ್ತು. ದಾರಿಯುದ್ದಕ್ಕೂ ಸಿಕ್ಕ ಮರ್ಯಾದೆ ಯಾವುದೆಂದು ಈಗ ತಿಳಿಯಿತು.

ಕೂಡಲೇ ಕಣ್ಣು ಬಿಡಬೇಕಿತ್ತು. ಆದರೆ ಅವರಿಗೆ ಕುತೂಹಲ ಹುಟ್ಟಿಬಿಟ್ಟಿತು.

"ನಮ್ಮ ಕೂಸಿಗೆ ಜ್ವರ ಬಂದಾಗ ದಿನಾ ಚೊಂಬಲ್ಲಿ ಹಾಲು ಕಳಿಸ್ತಿದ್ರು," ಎನ್ನುತ್ತಿದ್ದಳು ಕಮಲಕ್ಕ. "ಕೂಸು ಎದ್ದು ಓಡಾಡಿದ ಮೇಲೆ ಚೊಂಬು ತಗೊಂಡು ಹೋದ್ರೆ, ಇಟ್ಕಳೇ, ಮತ್ತೆ ಬೇಕಾಗ್ಬಹುದು ಅಂದ್ರು. ಇವತ್ತೂ ಅದರಾಗೇ ನೀರು ಕುಡಿಯೋದು ನಾವು."

ವೀರಬಸಮ್ಮನವರಿಗೆ ಆ ಚೊಂಬಿನ ನೆನಪೇ ಇರಲಿಲ್ಲ. ಹೌದೇ, ನಾನು ಹಾಗಂದೆನೇ ಎಂದು ಯೋಚಿಸಿದರು. ಮುಚ್ಚಿದ ರೆಪ್ಪೆಯ ಒಳಗೆ ಬಿಸಿಯಾಯಿತು.

"ಒಳ್ಳೇ ಜೀವ," ಎಂದಿತು ಒಂದು ಗಂಡುದನಿ. "ಬಾಯಿ ಮಾತ್ರ ಸ್ವಲ್ಪ ಜೋರು."

"ಯಾರೋ ಅದು ಬಾಯಿ ಜೋರು ಅಂದದ್ದು?"

ಕೂಗು, ಓಟ, ನೀರಿಗೆ ಬಿದ್ದ ಸದ್ದು. ಬಿದ್ದವನು ಭೈರಪ್ಪ, ಮಾತಾಡಿದವನೂ ಅವನೇ. ಕಮಲಕ್ಕ ಮಾತ್ರ ಓಡಲಿಲ್ಲ. ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ನಿಂತವಳು, ಅಳುತ್ತಿದ್ದ ಮುಖದಲ್ಲೇ ನಗಲು ಶುರು ಮಾಡಿದಳು. ಕೋಲು ಹಿಡಿದು ಓಡಿಬಂದ ರೇಣುಕಪ್ಪನಿಗೆ ವಿಷಯ ತಿಳಿದಾಗ ಅವನು ತಾಯಿಯನ್ನೂ ಬಾಳೆಕಂದನ್ನೂ ನೋಡಿ ಹಣೆ ಚಚ್ಚಿಕೊಂಡ.

ನಗು ನಿಂತದ್ದು ಭೈರಪ್ಪನ ಮಾತಿಗೆ. ಒದ್ದೆಯಾಗಿ ಮೇಲೆ ಬಂದವನು ತಲೆ ಕೆರೆದುಕೊಂಡು ಹೇಳಿದ. "ಒಡೇರೆ, ಒಂದು ತಪ್ಪಾಗೋತು. ನಿಮ್ಮನ್ನ ದೂರದಿಂದ ನೋಡಿದವನೇ ನಮ್ಮ ಜತೆಗಿದ್ದ ನಾರಾಯಣ ಒಳದಾರೀಲಿ ಸೀತೂರಿಗೆ ಓಡ್ದ. ಗಂಗಮ್ಮಾರಿಗೆ ಪಾಪ ಒಂದೇ ಸಲ ಹೆಣ ನೋಡಿ ಎದೆ ಒಡಿಯೋದು ಬ್ಯಾಡ, ಮುಂಚೆ ತಿಳಿಸ್ತೀನಿ ಅಂತ."

ಒಳ್ಳೆಯದು ಮಾಡಲೆಂದೇ ಓಡಿದ್ದ. ಆದರೆ ವೀರಬಸಮ್ಮನವರು ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದರು. ಎದುರು ನೋಡುತ್ತ ಕೂತವಳಿಗೆ ಈ ಸುದ್ದಿಯೇ?

"ರೇಣುಕ, ಬೇಗ ಹೊರಡೋ."

ಗಾಡಿ ಹಳ್ಳಕ್ಕಿಳಿಯಿತು. ನೀರು ಚಕ್ರದ ನಡುವಿನವರೆಗೆ ಬಂತು, ಇಂಜಿನ್ನಿಗೆ ಮುಟ್ಟಲಿಲ್ಲ. ಆಚೆ ದಂಡೆ ಓರೆಯಾಗಿತ್ತು. ಅಲ್ಲಿ ಎತ್ತರದ ಗಾಡಿ ಒಂದು ಬದಿಗೆ ವಾಲಿತು. ಕುರ್ಚಿಯ ಹಗ್ಗ ಕಿರುಗುಟ್ಟಿತು. ಕರಿಯಣ್ಣ ಕೂಗುವ ಮೊದಲೇ ಕಮಲಕ್ಕನೂ ಭೈರಪ್ಪನೂ ಉಳಿದವರೂ ನೀರಿಗಿಳಿದು, ಹೊರೆ ಕಟ್ಟುವ ಹಗ್ಗವನ್ನು ಮೇಲಿನ ಕಟಕಟೆಗೆ ಎಸೆದು ಸಿಕ್ಕಿಸಿ, ಬೆನ್ನು ಬಗ್ಗಿಸಿ ಜಗ್ಗಿ ಹಿಡಿದರು. ಗಾಡಿ ಸಾವಕಾಶವಾಗಿ ನೆಟ್ಟಗಾಗಿ ದಂಡೆ ಹತ್ತಿತು. ಸಾವಿಗೆಂದು ಹೊರೆ ಇಳಿಸಿದವರು ಬದುಕಿದವಳಿಗಾಗಿ ಮೊಣಕಾಲವರೆಗೆ ಒದ್ದೆಯಾದರು.

"ಮಾರಪ್ಪ ನಾಲ್ಕು ಬೆರಳು ಎತ್ತರಿಸಿದ್ರೆ ಸಾಕು ಅಂದಿದ್ದ," ಎಂದ ರೇಣುಕಪ್ಪ. ಅವನು ಮುಂದಿನ ದಾರಿಯನ್ನೇ ನೋಡುತ್ತಿದ್ದ.

"ಮಿಕ್ಕಿದ್ದು?"

"ಮಿಕ್ಕಿದ್ದು... ಚೆನ್ನಾಗಿ ಕಾಣ್ತದೆ ಅಂತ, ಅವ್ವ."

ಕೇಳಬೇಕೆಂದಿದ್ದ ಉತ್ತರ ಸಿಕ್ಕಿತ್ತು. ಆದರೆ ಅವರ ಮನಸ್ಸು ಆಗಲೇ ಸೀತೂರಿನಲ್ಲಿತ್ತು.

ಅವರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಗಂಗಾಂಬಿಕೆಯ ಮನೆಯ ಅಂಗಳದಲ್ಲಿ ಜನ ಕೂಡಿದ್ದರು, ನಾರಾಯಣ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಗಂಗಾಂಬಿಕೆ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಅವಳು ಅಳುತ್ತಿರಲಿಲ್ಲ, ಸದ್ದು ಬಂದ ಕಡೆಗೆ ಮುಖವೆತ್ತಿ ಕಾಯುತ್ತಿದ್ದಳು.

"ಗಂಗೀ! ನಾನು ಸತ್ತಿಲ್ಲ ಕಣೇ!" ವೀರಬಸಮ್ಮನವರು ಕುರ್ಚಿಯಿಂದಲೇ ಕೂಗಿದರು. ಭೈರಪ್ಪ ಹೇಳಿದ ಜೋರು ಬಾಯಿ ಆಗ ಊರಿಗೆಲ್ಲ ಕೇಳಿಸಿತು.

ಗಂಗಾಂಬಿಕೆ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ನಿಂತಳು. ಅಂಗಳಕ್ಕೆಲ್ಲ ಆಗಲೇ ಬೇಲಿಯ ನೆರಳು ಬಿದ್ದಿತ್ತು. ಸಂಜೆಯ ಬಿಸಿಲು ಆ ನೆರಳಿನ ಮೇಲೆ ಹಾದು, ಕುರ್ಚಿಯಲ್ಲಿ ಕೂತವರ ಮುಖಕ್ಕೆ ಮಾತ್ರ ನೇರವಾಗಿ ಬೀಳುತ್ತಿತ್ತು.

"ಅಕ್ಕ," ಎಂದಳು. "ಹಲ್ಲು ಬಿದ್ದೋಗಿದೆ ನಿಂಗೆ."

"ಕಾಣ್ತದೇನೇ?"

"ಕಾಣ್ತದೆ. ಮೂಗು ಅವ್ವಂದೇ ಆಗಿದೆ. ಮುಂಚೆ ಹಿಂಗಿರ್ಲಿಲ್ಲ."

ಬಿದಿರು ಕೊಟ್ಟು ಕುರ್ಚಿಯನ್ನು ಕೆಳಗಿಳಿಸಿದರು. ಅಕ್ಕತಂಗಿ ಕೈ ಕೈ ಹಿಡಿದುಕೊಂಡರು, ಒಬ್ಬರ ಭುಜ ಒಬ್ಬರು ಒದ್ದೆ ಮಾಡಿದರು. ಆಮೇಲೆ ಗಂಗಾಂಬಿಕೆ ಅಕ್ಕನ ಗಲ್ಲ ಹಿಡಿದು ಹತ್ತಿರ ಎಳೆದುಕೊಂಡಳು, ದೂರ ಸರಿಸಿದಳು, ಮತ್ತೆ ಎಳೆದುಕೊಂಡಳು. ನೆರಳಿನಲ್ಲಿ ಅವಳ ಕಣ್ಣಿಗೆ ಎಲ್ಲ ಮಸಿಯಾಗಿತ್ತು.

"ಹೋತು," ಎಂದಳು ಮೆಲ್ಲಗೆ. ಮತ್ತೆ, ಏನೋ ತಿಂಡಿ ಕೇಳುವ ಮಗುವಿನ ಸಂಕೋಚದಲ್ಲಿ, "ಅಕ್ಕ, ಬಿಸಿಲು ಹೋಗೋ ಮುಂಚೆ ಇನ್ನೊಂದು ಸಲ ಮೇಲೆ ಕೂರ್ತೀಯಾ?" ಎಂದಳು.

ರೇಣುಕಪ್ಪನೇ ಮೊದಲು ಬಿದಿರಿಗೆ ಹೆಗಲು ಕೊಟ್ಟ. ನಾರಾಯಣ ಓಡಿಬಂದು ಇನ್ನೊಂದು ತುದಿ ಹಿಡಿದ. ಕರಿಯಣ್ಣ ಕೊರಳಿನ ಹಾರ ತೆಗೆಯಲು ಹೋದರೆ, "ಇರ್ಲಿ ಬಿಡೋ, ಅದೂ ಕಾಣ್ಲಿ," ಎಂದರು ವೀರಬಸಮ್ಮನವರು.

ಮೇಲೆ ಕೂತಾಗ ಬಿಸಿಲು ಕಣ್ಣಿಗೆ ಚುಚ್ಚಿತು. ಅವರು ಕಣ್ಣು ಕಿರಿದು ಮಾಡಲಿಲ್ಲ. ಕೆಳಗಿನಿಂದ ತಂಗಿ ಹೇಳಿದ ಹಾಗೆ ಮುಖವನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು, ನಗು ಅಂದಾಗ ಇದ್ದ ಹಲ್ಲನ್ನೆಲ್ಲ ತೋರಿಸಿ ನಕ್ಕರು. ಬೇಲಿಯ ನೆರಳು ಚಕ್ರವನ್ನು ದಾಟಿ ಹಲಗೆಯವರೆಗೆ ಏರಿ ಬಂದಿತ್ತು. ಅದು ಅವರ ಮುಖ ಮುಟ್ಟುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.