ಬಳಗಾನೂರು ಗಿಡ್ಡಪ್ಪನ ಹಲಗೆ

ಗಿಡ್ಡಪ್ಪ ಹೆಸರಿಗಷ್ಟೇ ಗಿಡ್ಡ. ಆಳು ನೋಡಿದರೆ ಬಾಗಿಲಿಗೆ ತಲೆ ಬಡಿಯುವಷ್ಟು ಎತ್ತರ, ಅವನ ಮಾತು ಅದಕ್ಕಿಂತ ಒಂದು ಗೇಣು ಮೇಲೆ. ಬಳಗಾನೂರಿನಲ್ಲಿ ಮದುವೆಯಾಗಲಿ, ಸಾವಾಗಲಿ, ಚಾವಡಿಯ ಡಂಗುರವಾಗಲಿ, ಅವನ ಹಲಗೆ ಇಲ್ಲದೆ ನಡೆಯುತ್ತಿರಲಿಲ್ಲ. ಅತ್ತ ಸಿಂಧನೂರು, ಇತ್ತ ಮಸ್ಕಿ, ಆಚೆ ಲಿಂಗಸುಗೂರಿನವರೂ ಬಂದು ಕರೆದೊಯ್ಯುತ್ತಿದ್ದರು. ಅವನು ಒಣ ಹುಲ್ಲಿಗೆ ಬೆಂಕಿ ಹಚ್ಚಿ, ಹಲಗೆಯ ಚರ್ಮ ಕಾಯಿಸಿ, ಬೆರಳಿನಿಂದ ಒಮ್ಮೆ ತಟ್ಟಿ ನೋಡಿ, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದುದು ಒಂದೇ ಮಾತು:

"ನನ್ನ ಹಲಗಿ ಸದ್ದು ಕೇಳಿದ್ರ ಹೆಣಾನೂ ಎದ್ದು ಕುಣೀತೈತಿ!"

ಯಾವ ಹೆಣವೂ ಎದ್ದಿರಲಿಲ್ಲ, ಅದು ಬೇರೆ ಮಾತು. ಆದರೆ ಅವನ ತಂಗಿ ಕನಕಮ್ಮ ಮಾತ್ರ ನಡೆಯಲು ಕಲಿತ ದಿನದಿಂದ ಆ ಹಲಗೆಯ ಮುಂದೆ ಕುಣಿದವಳು. ಅವ್ವ ಅಪ್ಪ ಬೇಗ ಹೋಗಿಬಿಟ್ಟಿದ್ದರು. ಒಂದು ಹೆಗಲಿಗೆ ಹಲಗೆ, ಇನ್ನೊಂದು ಹೆಗಲಿಗೆ ತಂಗಿ, ಹಾಗೆ ಸಾಕಿದ್ದ. ಜನ ಹಲಗೆಯನ್ನು ಹೊಗಳಿದರೆ ಅವನ ಮೀಸೆ ತಿರುಗುತ್ತಿತ್ತು, ತಂಗಿಯನ್ನು ಹೊಗಳಿದರೆ ಕಣ್ಣು ತುಂಬುತ್ತಿತ್ತು.

ಅಂಥ ತಂಗಿ ಎಂಬತ್ತಮೂರನೆಯ ಇಸವಿಯಲ್ಲಿ ಅಣ್ಣನಿಗೆ ಒಂದು ಮಾತೂ ಹೇಳದೆ ಮದುವೆಯಾದಳು. ಹುಡುಗ ಮಸ್ಕಿಯ ದೇವಪುತ್ರಪ್ಪ, ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಹಮಾಲಿ, ಯೇಸುವನ್ನು ನಂಬಿದ ಮನೆತನ. ಇತ್ತ ಗಿಡ್ಡಪ್ಪ ತಂಗಿಯನ್ನು ತನ್ನ ಹೆಂಡತಿ ಆದಮ್ಮನ ತಮ್ಮನಿಗೆ ಕೊಡುತ್ತೇನೆಂದು ಮಾತು ಕೊಟ್ಟು ಕುಳಿತಿದ್ದ. ಹೋಟೆಲಿನ ಮುಂದೆ ಯಾರೋ ನಕ್ಕರು: "ಊರಿಗೆಲ್ಲಾ ತಾಳ ಕಲಿಸ್ದವನ ಮನ್ಯಾಗs ತಾಳ ತಪ್ಪೇತಿ." ಗಿಡ್ಡಪ್ಪನಿಗೆ ಆ ನಗೆ ಮುಳ್ಳಿನಂತೆ ನಟ್ಟಿತು.

ಮನೆಗೆ ಬಂದವನೇ ಹಲಗೆ ಇಳಿಸಿ ಹುಲ್ಲಿಗೆ ಬೆಂಕಿ ಹಚ್ಚಿದ. ಸಾವಿನ ಬಡಿತ ಬಡಿಯುತ್ತ ಕೇರಿಯ ತುಂಬ ತಿರುಗಿದ. "ಕೇಳ್ರಪ್ಪೋ ಕೇಳ್ರಿ! ಗಿಡ್ಡಪ್ಪನ ತಂಗಿ ಕನಕಮ್ಮ ಸತ್ತಾಳ!" ಆದಮ್ಮ ಓಡಿ ಬಂದು ಕೈ ಹಿಡಿದಳು. "ಹಲಗಿ ಸುಳ್ಳು ಹೇಳಬಾರದು ಅಂತ ನೀನs ಅಂತಿದ್ದೆಲ್ಲ. ಬದುಕಿದ್ದವರಿಗೆ ಯಾರರ ಹಿಂಗ ಬಡೀತಾರೇನು?" ಅವನು ಕೈ ಕೊಡವಿಕೊಂಡ.

ಅದೇ ಹೊತ್ತಿಗೆ ಮಸ್ಕಿ ಬಸ್ಸು ಬಂತು. ಇಳಿದವಳು ಕನಕಮ್ಮ. ಕೈಯಲ್ಲಿ ಅಣ್ಣನಿಗೆಂದು ತಂದ ಹೊಸ ರುಮಾಲು. ಕಾಲಿಗೆ ಬಿದ್ದರೆ ಅಣ್ಣ ಬೈದಾನು, ಹೊಡೆದಾನು, ಕೊನೆಗೆ ಉಣ್ಣಲು ಕರೆದಾನು ಎಂದು ಲೆಕ್ಕ ಹಾಕಿಕೊಂಡು ಬಂದಿದ್ದಳು. ಹಲಗೆಯ ಸದ್ದು ಕೇಳಿ ನಿಂತಳು.

"ಯಾರು ಸತ್ತಾರ ಬೇ?"

ಬಸ್ಸಿಗೆ ಕಾಯುತ್ತಿದ್ದ ಮುದುಕಿ ಯಮನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ನೀನs, ನಮ್ಮವ್ವಾ."

ಕನಕಮ್ಮ ರುಮಾಲನ್ನು ಯಮನಮ್ಮನ ಮಡಿಲಿಗಿಟ್ಟು, ಬಸ್ಸು ತಿರುಗಿ ಹೊರಡುವಾಗ ಅದನ್ನೇ ಹತ್ತಿದಳು. ಕೇರಿಯ ತಿರುವಿಗೆ ಬಂದಿದ್ದ ಗಿಡ್ಡಪ್ಪನಿಗೆ ಕಂಡದ್ದು ಅವಳ ಬೆನ್ನು ಮಾತ್ರ.

ಅಲ್ಲಿಂದ ಅವನ ಕೈ ಹೋಯಿತು. ಯಾವ ಮದುವೆಯಲ್ಲಿ ಕೋಲು ಎತ್ತಿದರೂ ಆ ಬೆನ್ನು ಎದುರಿಗೆ ಬರುತ್ತಿತ್ತು, ಪೆಟ್ಟು ಹಳಿ ತಪ್ಪುತ್ತಿತ್ತು. ಕರೆಯುವವರು ಕಡಿಮೆಯಾದರು. ಹಲಗೆ ಅಟ್ಟ ಸೇರಿತು, ಅವನು ಕುಡಿತಕ್ಕೆ ಬಿದ್ದು ಸೆರೆ ಅಂಗಡಿ ಸೇರಿದ. ಯಮನಮ್ಮ ತಂದುಕೊಟ್ಟ ರುಮಾಲು ಮಡಿಕೆ ಬಿಚ್ಚದೆ ಟ್ರಂಕಿನಲ್ಲಿ ಉಳಿಯಿತು. ಮಸ್ಕಿಗೆ ಹೋಗಿ ಬರೋಣ ಎಂದು ಆದಮ್ಮ ಅಂದಾಗಲೆಲ್ಲ ಅವನದು ಒಂದೇ ಉತ್ತರ: "ಯಾವ ಮುಖ ಇಟಗೊಂಡು ಹೋಗ್ಲಿ?" ಹೀಗೆ ತೊಂಬತ್ತರ ಇಸವಿಯೂ ದಾಟಿತು.

ಆ ವರ್ಷಗಳಲ್ಲಿ ಲಿಂಗಸುಗೂರಿನ ಪಾದ್ರಿ ಸತ್ಯಮಿತ್ರರು ಬಸ್ಸಿನಲ್ಲಿ ಬಂದು ಕೇರಿಯ ಬೇವಿನ ಮರದ ಕೆಳಗೆ ಪ್ರಾರ್ಥನೆ ನಡೆಸುತ್ತಿದ್ದರು. ಗಂಡನ ಕುಡಿತ ಬಿಟ್ಟೀತೆಂದು ಆದಮ್ಮ ಹೋಗತೊಡಗಿದಳು. ಸುದ್ದಿ ಕೇಳಿ ಗಿಡ್ಡಪ್ಪ ತೂರಾಡುತ್ತ ಬಂದು ಪಾದ್ರಿಯ ಎದುರು ನಿಂತ.

"ಮೊದಲು ತಂಗೀನ ಒಯ್ದ್ರಿ, ಈಗ ಹೆಂಡ್ತಿ. ಮನ್ಯಾಗ ಒಂದು ಎಮ್ಮಿ ಉಳದೈತಿ, ಅದನ್ನೂ ಹೊಡಕೊಂಡು ಹೋಗ್ರಿ!"

ಜನ ನಕ್ಕರು, ಪಾದ್ರಿಯೂ ನಕ್ಕರು. "ಎಮ್ಮಿ ನಿನಗs ಇರ್ಲಿ. ಕುಂದ್ರು, ಒಂದು ಕಥಿ ಕೇಳಿ ಹೋಗು" ಎಂದರು. ಯೇಸುವಿನ ಸಂಗಡಿಗ ಪೇತ್ರನ ಕಥೆ ಅದು. ಯೇಸುವನ್ನು ಹಿಡಿದೊಯ್ದಾಗ, ಪ್ರಾಣಕ್ಕೆ ಪ್ರಾಣ ಎಂದವನೇ ಜನರ ನಡುವೆ ನಿಂತು 'ಆತ ಯಾರೋ ನನಗೆ ಗೊತ್ತಿಲ್ಲ' ಎಂದುಬಿಟ್ಟ ಕಥೆ.

ಗಿಡ್ಡಪ್ಪನ ಅಮಲು ಅರ್ಧ ಇಳಿಯಿತು. "ಬಾಯಿಲೆ ಅಂದ್ನೋ, ಹಲಗಿ ಬಡದು ಸಾರಿದ್ನೋ?"

"ಬಾಯಿಲೆ ಅಂದ. ಆದ್ರ ಯೇಸಪ್ಪಗ ಕೇಳಿಸ್ತು."

"ಕೇಳಿಸ್ಕೊಂಡು ಯೇಸಪ್ಪ ಏನ್ ಮಾಡ್ದ್ರಿ?"

"ಶಿಲುಬಿ ಮ್ಯಾಲ ಸತ್ತ, ಮೂರನೇ ದಿನ ಎದ್ದ. ಆಮ್ಯಾಲ ಒಂದಿನ ಮುಂಜಾನಿ ಸಮುದ್ರದ ದಂಡಿಮ್ಯಾಲ ಬೆಂಕಿ ಹಚ್ಚಿ, ರೊಟ್ಟಿ ಮೀನ ಸುಟ್ಟು, ಅದೇ ಪೇತ್ರಗ 'ಬಾ, ಉಣ್ಣು' ಅಂದ."

ಗಿಡ್ಡಪ್ಪ ನೆಲಕ್ಕೆ ಕುಸಿದು ಕುಳಿತ. ಬೈದಾನು, ಹೊಡೆದಾನು ಎಂದುಕೊಂಡಿದ್ದರೆ ಆ ದೇವರು ಉಣ್ಣಲು ಕರೆದಿದ್ದ. ತಂಗಿಯೂ ಅಂದು ತನ್ನಿಂದ ಬಯಸಿ ಬಂದದ್ದು ಅಷ್ಟೇ ಅಲ್ಲವೇ? ಎತ್ತರದ ಆಳು ಎಲ್ಲರೆದುರು ಹಸುಗೂಸಿನ ಹಾಗೆ ಅತ್ತ. ಆದಮ್ಮ ಅವನ ಬೆನ್ನು ಸವರುತ್ತ ಕುಳಿತಳು, ನಾಚಿಕೊಳ್ಳಲಿಲ್ಲ.

ಸೆರೆ ಬಿಡುವುದು ಮಾತಾಡಿದಷ್ಟು ಸುಲಭವಿರಲಿಲ್ಲ. ಬಿದ್ದ, ಎದ್ದ, ಮತ್ತೆ ಬಿದ್ದ. ಪ್ರಾರ್ಥನೆಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಕಾಲುವೆಗೆ ನೀರು ಬಿಟ್ಟ ಕಾಲದಲ್ಲಿ ಅದೇ ನೀರಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ. ಮೇಲೆದ್ದಾಗ ಎದೆಯ ಮೇಲಿನ ಕಲ್ಲು ಇಳಿದಿತ್ತು. ಆದರೂ ಪಾದ್ರಿಗೆ ಹೇಳಿದ: "ದೇವರ ಲೆಕ್ಕ ಮುಗೀತ್ರಿ. ತಂಗೀದು ಉಳದೈತಿ."

"ನಾ ಮಸ್ಕಿಗೆ ಹೇಳಿ ಕಳಸ್ತೀನಿ. ಚರ್ಚಿನ್ಯಾಗ ಕುಂತು ಮಾತಾಡ್ರಿ."

"ತಪ್ಪು ಮಾಡಿದ್ದು ಬೀದ್ಯಾಗ, ಕ್ಷಮಾ ಕೇಳೋದು ಮೂಲ್ಯಾಗೇನ್ರಿ?" ಎಂದ ಗಿಡ್ಡಪ್ಪ. ಸೊಕ್ಕಿನ ಮನುಷ್ಯ ನೋಡಿ, ತಗ್ಗುವುದನ್ನೂ ತಲೆ ಎತ್ತಿಯೇ ತಗ್ಗುವವನು.

ಮರುದಿನ ಟ್ರಂಕು ತೆಗೆದು ರುಮಾಲು ಸುತ್ತಿಕೊಂಡ. ಹೆಗಲಿಗೆ ಹಲಗೆ, ಕಂಕುಳಲ್ಲಿ ಹುಲ್ಲಿನ ಕಟ್ಟು, ಜೊತೆಗೆ ಆದಮ್ಮ. ಮಸ್ಕಿಯಲ್ಲಿ ಇಳಿದು ಕೇಳುತ್ತ ಕೇಳುತ್ತ ದೇವಪುತ್ರಪ್ಪನ ಮನೆ ಮುಂದೆ ಬಂದು ನಿಂತಾಗ ಬಿಸಿಲು ಏರಿತ್ತು. ದೇವಪುತ್ರಪ್ಪ ಹೊಸ್ತಿಲಿಗೆ ಅಡ್ಡ ನಿಂತ.

"ಸತ್ತವಳ ಮನೀಗೆ ಯಾಕ ಬಂದಿ? ಮತ್ತ ಬಡಿಯಾಕೇನು?"

"ಹೌದು, ಬಡಿಯಾಕs ಬಂದೀನಿ" ಎಂದ ಗಿಡ್ಡಪ್ಪ. ಬೀದಿಯ ನಡುವೆ ಹುಲ್ಲು ಹಚ್ಚಿ ಹಲಗೆ ಕಾಯಿಸತೊಡಗಿದ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಚರ್ಮ, ಬೇಗ ಬಿಗಿಯಲಿಲ್ಲ. ಜನ ಸೇರಿದರು. ತಂಗಿ ಬಾಗಿಲು ಹಾಕಿಕೊಂಡರೆ ಬಸ್ ಸ್ಟ್ಯಾಂಡಿನವರೆಗೂ ನಡೆಯಲು ತನ್ನ ಕಾಲಿಗೆ ಬಲವಿರಲಿಕ್ಕಿಲ್ಲ ಎಂದು ಅವನಿಗೆ ಗೊತ್ತಿತ್ತು. 'ತಂದೇ, ಇದೊಂದು ಸಲ ಕೈ ತಪ್ಪಿಸಬ್ಯಾಡ' ಎಂದು ಬೇಡಿಕೊಂಡು ಕೋಲು ಎತ್ತಿದ.

ಬಡಿದದ್ದು ಮದುವೆಯ ಬಡಿತ, ತಂಗಿಯ ಮದುವೆಗೆ ಬಡಿಯದೆ ಉಳಿಸಿಕೊಂಡದ್ದು. ಬಡಿತದ ನಡುವೆ ದನಿ ಎತ್ತಿ ಸಾರಿದ:

"ಕೇಳ್ರಪ್ಪೋ ಕೇಳ್ರಿ! ಬಳಗಾನೂರ ಗಿಡ್ಡಪ್ಪ ಸೊಕ್ಕಿಗೆ ಬಿದ್ದು ಸುಳ್ಳು ಸಾರಿದ್ದ! ಬದುಕಿದ್ದ ತಂಗೀಗೆ ಸಾವಿನ ಹಲಗಿ ಬಡದಿದ್ದ! ಸತ್ತವ ಆತ, ಆತನ ತಂಗಿ ಅಲ್ಲ! ನನ್ನ ತಂಗಿ ಕನಕಮ್ಮ ಬದುಕ್ಯಾಳ, ಬದುಕ್ಯಾಳ!"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಗಂಡನನ್ನು ಪಕ್ಕಕ್ಕೆ ಸರಿಸಿ ಕನಕಮ್ಮ ಹೊರಗೆ ಬಂದಳು. ಕೈತುಂಬ ಜೋಳದ ಹಿಟ್ಟು, ತಲೆಯಲ್ಲಿ ಒಂದೆರಡು ಬಿಳಿ ಕೂದಲು. ಅಣ್ಣನ ತಲೆಯ ಮೇಲಿನ ರುಮಾಲನ್ನು ನೋಡಿ ಗುರುತು ಹಿಡಿದಳು.

"ಯಣ್ಣಾ, ಅವತ್ತು ನಿನ್ನ ಪೆಟ್ಟು ತಪ್ಪಾಕತ್ತಿತ್ತು" ಎಂದಳು. "ನಮ್ಮಣ್ಣನ ಕೈ ಹಂಗ ತಪ್ಪಂಗಿಲ್ಲ, ಅಳಾಕತ್ತಾನ ಅಂದ್ಕೊಂಡೆ. ಬಸ್ಸಿನ್ಯಾಗ ಅದನ್ನs ಹಿಡಕೊಂಡು ಬಂದೆ. ಎದಿ ಒಡದು ಹೋಗಿತ್ತು, ಯೇಸಪ್ಪ ಯಾವಾಗೋ ಕೂಡಿಸ್ಯಾನ. ನಮ್ಮಣ್ಣಂದೂ ಕೂಡಿಸಪ್ಪಾ ಅಂತ ಬೇಡದ ದಿನ ಇಲ್ಲ."

ಗಿಡ್ಡಪ್ಪನ ಕೋಲು ಗಾಳಿಯಲ್ಲೇ ನಿಂತಿತು.

"ಯಾಕ ನಿಲ್ಲಿಸ್ದಿ?" ಕನಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. "ನಿನ್ನ ಹಲಗಿ ಕೇಳಿದ್ರ ಹೆಣಾನೂ ಎದ್ದು ಕುಣೀತೈತಿ ಅಂತಿದ್ದೆಲ್ಲ. ಎದ್ದೈತಿ ನೋಡು. ಬಡಿ!"

ಅವನು ಬಡಿದ. ಆ ವಯಸ್ಸಿನಲ್ಲಿ, ಹಿಟ್ಟಿನ ಕೈಯಲ್ಲಿ, ನಡು ಬೀದಿಯಲ್ಲಿ ಕನಕಮ್ಮ ಕುಣಿದಳು. ಆದಮ್ಮ ಸೇರಿಕೊಂಡಳು. ಹೊಸ್ತಿಲಿನ ದೇವಪುತ್ರಪ್ಪ ಸುತ್ತ ನಿಂತವರಿಗೆ ಹೇಳಿದ: "ನಮ್ಮ ಮಾವ. ಉಂಡು ಹೋಗ್ತಾನ ಇವತ್ತು." ಗಿಡ್ಡಪ್ಪನ ಒಂದು ಪೆಟ್ಟೂ ತಪ್ಪಲಿಲ್ಲ. ಆದರೆ ಆ ದಿನ ಅವನು ಹಲಗೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ರುಮಾಲಿನ ತಲೆಯನ್ನು ನೆಟ್ಟಗೆ ಎತ್ತಿ, ಇಡೀ ಮಸ್ಕಿಗೆ ಕೇಳುವಂತೆ ಕೂಗಿದ:

"ನೋಡ್ರಿ, ನನ್ನ ತಂಗಿ!"