ಹನ್ನೊಂದನೆಯ ತೂತು

ಸರ್ವೋತ್ತಮನನ್ನು ಕ್ಷಮಿಸಿಬಿಡು ಅಂತ ಬುದ್ಧಿ ಹೇಳಲು ಬಂದವರಿಗೆಲ್ಲ ನಾನು ಬೆಲ್ಲ, ನೀರು ಕೊಟ್ಟು ಕಳಿಸಿದ್ದೇನೆ. ನೀರು ಕುಡಿಯಿರಿ, ಬುದ್ಧಿ ನಿಮ್ಮ ಹತ್ತಿರವೇ ಇರಲಿ. ನನ್ನ ತಮ್ಮನ ಮಾನವನ್ನು ಹಂಪನಕಟ್ಟೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದವನು ಅವನು. ಕ್ಷಮಿಸುವುದಂತೆ! ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡೇ ನಾನು ಒಂದು ವರ್ಷ ನಮ್ಮ ಮನೆಯಲ್ಲಿ ಅನ್ನ ಬೇಯಿಸಿದ್ದೇನೆ.

ಇದು ಎರಡನೇ ಯುದ್ಧಕ್ಕೆ ಮೊದಲಿನ ಮಾತು. ಆಗ ಬೋಳಾರದ ನಾವು, ಹಂಪನಕಟ್ಟೆಯ ಹೋಟೆಲಿನವರು, ಹಂಚಿನ ಕಾರ್ಖಾನೆಯ ಕೆಲವು ಗುಮಾಸ್ತರು ಸೇರಿ ಭಾನುವಾರ ದೋಣಿಯಲ್ಲಿ ಹೊಳೆ ದಾಟಿ, ಉಳ್ಳಾಲದ ಕಡೆಯ ಮರಳು ದಿಣ್ಣೆಯಲ್ಲಿ ಕೋವಿ ಹೊಡೆಯುವ ಪಂದ್ಯ ಇಡುತ್ತಿದ್ದೆವು. ಬೇಟೆಯಲ್ಲ, ಕಾಗದಕ್ಕೆ ಹೊಡೆಯುವುದು. ಕೋವಿ ಅಂದರೆ ಟ್ವೆಂಟಿಟೂ, ಮೊಲಕ್ಕೂ ಬಾವಲಿಗೂ ಸಾಕಾಗುವ ಸಣ್ಣ ಗುಂಡಿನದ್ದು. ಅದರಲ್ಲಿ ಇನ್ನೂರು ಗಜ ದೂರಕ್ಕೆ ಗುರಿ ಇಡುವುದು ಹುಚ್ಚಾಟವೇ ಮಾರಾಯ್ರೆ. ಕಡಲ ಗಾಳಿ ಸ್ವಲ್ಪ ಎದ್ದರೆ ಸಾಕು, ಗುಂಡು ತನಗೆ ಬೇಕಾದಲ್ಲಿಗೆ ಹೋಗುತ್ತದೆ. ಆ ಹುಚ್ಚೇ ಎಲ್ಲರಿಗೂ ಹಿಡಿದದ್ದು.

ಪಂದ್ಯ ನಡೆಸುವವಳು ನಾನು. ಹೆಂಗಸು ಕೋವಿ ಹಿಡಿಯುವುದಾ ಅಂತ ಕೇಳಿದವರೂ ಇದ್ದರು. ನಮ್ಮದು ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಮನೆ, ಯಜಮಾನ್ತಿ ನಾನು, ದೋಣಿ ನಮ್ಮದು, ಪಂದ್ಯ ಮುಗಿದ ಮೇಲೆ ಮರಳಲ್ಲಿ ಕೂತು ತಿನ್ನುವ ಕೋರಿ ರೊಟ್ಟಿ ನನ್ನ ಅಡುಗೆಮನೆಯದ್ದು. ಕೋಳಿ ಸಾರು ಬಾಯಿಗೆ ಬಿದ್ದ ಮೇಲೆ ಯಾರೂ ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ತೆಂಗಿನ ಮಡಲಿನ ತಟ್ಟಿಗಳನ್ನು ಮರಳಲ್ಲಿ ಸಾಲಾಗಿ ನೆಟ್ಟು, ಒಂದೊಂದಕ್ಕೂ ನಡುವೆ ಕಪ್ಪು ಬೊಟ್ಟು ಇರುವ ಕಾಗದ ಅಂಟಿಸುತ್ತಿದ್ದೆವು. ಕಾರ್ಖಾನೆಯ ವಿಲ್ಲಿ ಪೊರ್ಬುಗಳು, ನಮ್ಮಲ್ಲಿ ಕ್ರಿಸ್ತಿಯನ್ನರಿಗೆ ಪೊರ್ಬುಗಳು ಅನ್ನುವುದು, ಪ್ರತಿಯೊಬ್ಬನ ಕೈಗೆ ಹತ್ತೇ ತೋಟೆ ಎಣಿಸಿ ಕೊಡುವರು. ಕೊನೆಗೆ ಕಾಗದ ತಂದು ತೂತು ಎಣಿಸುವವರೂ ಅವರೇ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಕೊನೆಯ ತೋಟೆ ಹಾಕುವ ಮೊದಲು ಬೋರಲು ಮಲಗಿ ಹೊಡೆಯುತ್ತಿದ್ದ ಚಾಪೆಯಿಂದ ಎದ್ದು, ಹಿಂದೆ ತಿರುಗಿ, ಹೊಳೆಯಾಚೆ ಬೋಳಾರದ ಮಂಗಳಾದೇವಿಗೆ ಕೈ ಮುಗಿದು, ಮತ್ತೆ ಮಲಗಿ ಹೊಡೆಯುವುದು. ವಿಲ್ಲಿ ಪೊರ್ಬುಗಳು ಕೂಡ ಹೊಡೆಯುವ ದಿನ ಎದ್ದು ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದರು. ಇಂಗ್ಲಿಷರು ನೋಡಿದ್ದರೆ ನಗುತ್ತಿದ್ದರು, ನಗಲಿ.

ಆ ವರ್ಷದ ದೊಡ್ಡ ಪಂದ್ಯದಲ್ಲಿ ನನ್ನ ತಮ್ಮ ಮೋಹನದಾಸ ಮತ್ತು ಸರ್ವೋತ್ತಮ ಪಕ್ಕಪಕ್ಕದ ಚಾಪೆಯಲ್ಲಿ ಮಲಗಿದ್ದರು. ಸರ್ವೋತ್ತಮ ಅಂದರೆ ಹಂಪನಕಟ್ಟೆಯ ಹೋಟೆಲಿನ ಯಜಮಾನ, ದಾಸುವಿಗೆ ಶಾಲೆಯ ದಿನಗಳಿಂದ ಗೆಳೆಯ, ನಮ್ಮ ಮನೆಯಲ್ಲಿ ಉಂಡು ಬೆಳೆದವನು. ಊರಿನಲ್ಲಿ ಅವನೇ ದೊಡ್ಡ ಗುರಿಕಾರ ಅಂತ ಹೆಸರು. ಆ ಹೆಸರಿನ ಮೇಲೆ ಅವನಿಗೆ ಹೋಟೆಲಿಗಿಂತ ಹೆಚ್ಚು ಪ್ರೀತಿ.

ಗಾಳಿ ಜೋರಿತ್ತು. ಮೊದಲು ಬಂದ ಎಲ್ಲರ ಕಾಗದದಲ್ಲೂ ಒಂದೆರಡು ತೂತು ಕಡಿಮೆ. ಸರ್ವೋತ್ತಮನದರಲ್ಲಿ ಒಂಬತ್ತು. "ಒಂದು ಮರಳಿಗೆ ಹೋಯಿತು, ಧೂಳು ಹಾರಿದ್ದು ನಾನೇ ನೋಡಿದ್ದೇನೆ" ಅಂದ. ದಾಸುವಿನ ಕಾಗದ ಬಂತು. ವಿಲ್ಲಿ ಪೊರ್ಬುಗಳು ಎಣಿಸಿದರು, ಕನ್ನಡಕ ಒರೆಸಿ ಮತ್ತೆ ಎಣಿಸಿದರು. ಹನ್ನೊಂದು.

ಹತ್ತು ತೋಟೆಗೆ ಹನ್ನೊಂದು ತೂತು ಹೇಗೆ? ಬೆಳಿಗ್ಗೆ ಕಾಗದ ಅಂಟಿಸಲು ಹೋದವನು ದಾಸು ಒಬ್ಬನೇ. ಮೊಳೆಯಲ್ಲಿ ಚುಚ್ಚಿದ್ದಾನೆ ಅಂತ ಯಾರೋ ಹೇಳಿದರು. ಯಾರೋ ಅಲ್ಲ, ನಮ್ಮ ಪಕ್ಕದ ಮನೆಯ ಬೋಜ, ಬಾಯಿಗೆ ಬಾಗಿಲೇ ಇಲ್ಲದವನು. ದಾಸು ಸರ್ವೋತ್ತಮನ ಕಡೆ ನೋಡಿದ. "ನೀನು ಹೇಳು ಮಾರಾಯ, ನಾನು ಅಂಥವನಾ?" ಸರ್ವೋತ್ತಮ ಕೋವಿಯ ಬಾಯಿ ಒರೆಸುತ್ತಾ "ಹನ್ನೊಂದು ತೂತು ಉಂಟಲ್ಲ ದಾಸು, ನಾನು ಎಂತ ಹೇಳಲಿ?" ಅಂದ.

ಅಷ್ಟಕ್ಕೆ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೋ ಏನೋ. ಮರುದಿನ ಆ ಕಾಗದ ಅವನ ಹೋಟೆಲಿನ ಗೋಡೆಯಲ್ಲಿ ನೇತಾಡಿತು. ಕಾಫಿ ಕುಡಿಯಲು ಬಂದವರೆಲ್ಲ ಬೆರಳಿಟ್ಟು ತೂತು ಎಣಿಸಿದರು. ನಮ್ಮ ತುಳುವಿನಲ್ಲಿ ಹನ್ನೊಂದಕ್ಕೆ ಪತ್ತೊಂಜಿ ಅನ್ನುತ್ತೇವೆ. ನನ್ನ ತಮ್ಮನಿಗೆ ಪತ್ತೊಂಜಿ ದಾಸ ಅಂತ ಹೆಸರು ಬಿತ್ತು. ಪೇಟೆಗೆ ಹೋದರೆ ಪತ್ತೊಂಜಿ, ದೇವಸ್ಥಾನಕ್ಕೆ ಹೋದರೆ ಪತ್ತೊಂಜಿ. ನಿಶ್ಚಯವಾಗಿದ್ದ ಹುಡುಗಿಯ ಮನೆಯವರು ಮೆಲ್ಲಗೆ ಜಾರಿಕೊಂಡರು. ದಾಸು ಉಪ್ಪರಿಗೆ ಹತ್ತಿದವನು ಊಟಕ್ಕೆ ಬಿಟ್ಟು ಕೆಳಗೆ ಇಳಿಯಲಿಲ್ಲ. ನಗುತ್ತಾ ಮನೆ ತುಂಬಿಕೊಂಡಿದ್ದ ಹುಡುಗ ಅವನು. ಆ ಉಪ್ಪರಿಗೆಯ ಹಲಗೆ ಕಿರುಗುಟ್ಟಿದಾಗಲೆಲ್ಲ ನನ್ನ ನೆತ್ತರು ಕುದಿಯುತ್ತಿತ್ತು.

ಯಾರು ಮಾಡಿದ್ದು ಅಂತ ಮಾತ್ರ ನನಗೆ ಹೊಳೆದಿರಲಿಲ್ಲ. ಹೊಳೆದದ್ದು ಒಂದು ಸಂಜೆ ಹಿತ್ತಿಲಲ್ಲಿ. ಬೇಲಿಯ ಮೇಲೆ ತೆಂಗಿನ ಚಿಪ್ಪುಗಳನ್ನು ಸಾಲಾಗಿ ಇಟ್ಟು ಹೊಡೆಯುತ್ತಿದ್ದೆ. ಅಭ್ಯಾಸ ಬಲ, ಕೊನೆಯ ತೋಟೆಗೆ ಎದ್ದು, ತಿರುಗಿ ಕೈ ಮುಗಿದು, ಮತ್ತೆ ಮಲಗಿ ಹೊಡೆದೆ. ಚಿಪ್ಪು ಹಾರಿತು. ನೋಡಿದರೆ ನನ್ನ ಚಿಪ್ಪು ಇದ್ದಲ್ಲೇ ಉಂಟು, ಹಾರಿದ್ದು ಪಕ್ಕದ್ದು!

ಅಯ್ಯೋ ದೇವರೇ ಅಂತ ಅಲ್ಲೇ ಕೂತುಬಿಟ್ಟೆ. ಎದ್ದು ತಿರುಗಿ ಮತ್ತೆ ಮಲಗುವಾಗ ಕಣ್ಣು ಪಕ್ಕದ ತಟ್ಟಿಯನ್ನು ಹಿಡಿದುಬಿಡುತ್ತದೆ. ಎಲ್ಲವೂ ಒಂದೇ ತರದ ತಟ್ಟಿ, ಒಂದೇ ತರದ ಬೊಟ್ಟು. ಪಕ್ಕದ ಚಾಪೆಯ ಸರ್ವೋತ್ತಮನ ಕಾಗದದಲ್ಲಿ ಒಂದು ಕಡಿಮೆ, ನನ್ನ ತಮ್ಮನದರಲ್ಲಿ ಒಂದು ಹೆಚ್ಚು. ಇಷ್ಟು ಸಣ್ಣ ಲೆಕ್ಕ ಇಡೀ ಊರಿಗೆ ತಿಳಿಯಲಿಲ್ಲ!

ಪಾಪ, ಅವನಿಗೂ ತಿಳಿಯಲಿಲ್ಲವೇನೋ ಅಂತ ಒಂದು ಗಳಿಗೆ ಅಂದುಕೊಂಡೆ. ಮುಂದಿನ ಭಾನುವಾರ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಎಲ್ಲರೂ ಕೊನೆಯ ತೋಟೆಗೆ ಎದ್ದು ಕೈ ಮುಗಿದರು. ಸರ್ವೋತ್ತಮ ಏಳಲಿಲ್ಲ. ಕೋವಿಯಿಂದ ಕೆನ್ನೆ ತೆಗೆಯದೆ, ಮಲಗಿದಲ್ಲೇ ಎರಡು ಬೆರಳು ಹಣೆಗೆ ಮುಟ್ಟಿಸಿ ಹೊಡೆದ. ಯಾಕೆ ಏಳಲಿಲ್ಲ ಅಂತ ಬೋಜ ಕೇಳಿದ್ದಕ್ಕೆ "ಸೊಂಟ ನೋವು" ಅಂದ. ಸೊಂಟ ನೋವಂತೆ, ನಾಯಿ! ಎದ್ದು ಮಲಗಿದರೆ ಮತ್ತೆ ತಟ್ಟಿ ತಪ್ಪುತ್ತದೆ ಅಂತ ಹೆದರಿಕೆ. ಅವನಿಗೆ ಎಲ್ಲ ಗೊತ್ತಿತ್ತು. ಆ ದಿನವೇ ಗೊತ್ತಿತ್ತು. ದೊಡ್ಡ ಗುರಿಕಾರ ಬೇರೆಯವರ ತಟ್ಟಿಗೆ ಹೊಡೆದ ಅಂತ ಜನ ನಗುತ್ತಾರಲ್ಲ, ಆ ನಗುವಿಗೆ ಹೆದರಿ ನನ್ನ ತಮ್ಮನನ್ನು ಬಲಿ ಕೊಟ್ಟಿದ್ದ.

ಹೋಗಿ ಕೇಳಬಹುದಿತ್ತು. ಅಲ್ಲ ಅನ್ನುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಕೇಳುವುದು ಬೇಡ, ಅವನು ಬಡಿಸಿದ್ದನ್ನು ಅವನಿಗೇ ಉಣ್ಣಿಸಿ ತೋರಿಸಬೇಕು ಅಂತ ನಿಶ್ಚಯ ಮಾಡಿದೆ. ಅವನ ಕಾಗದದಲ್ಲೂ ಹನ್ನೊಂದು ತೂತು ಕಾಣಬೇಕು. ಹೊಡೆಯುವವಳು ನಾನೇ. ಆಗ ಅವನಿಗೆ ಎರಡೇ ದಾರಿ. ಕಳ್ಳ ಅನ್ನಿಸಿಕೊಳ್ಳಬೇಕು, ಇಲ್ಲವಾದರೆ ಪಕ್ಕದವರ ಗುಂಡು ಬೀಳುವುದು ಉಂಟು ಅಂತ ತನ್ನ ಬಾಯಲ್ಲೇ ಹೇಳಬೇಕು. ಹಾಗೆ ಹೇಳಿದರೆ ನನ್ನ ತಮ್ಮನ ಹೆಸರು ತೊಳೆದ ಹಾಗೆ.

ವರ್ಷ ತುಂಬುವಾಗ ದೊಡ್ಡ ಪಂದ್ಯ ಇಟ್ಟೆ. ಸರ್ವೋತ್ತಮನಿಗೆ ನಾನೇ ಹೋಗಿ, ಬರಬೇಕು ಅಂತ ಹೇಳಿಕೆ ಕೊಟ್ಟೆ. ಅವನ ಹೋಟೆಲಿನ ಗೋಡೆಯಲ್ಲಿ ಆ ಕಾಗದ ಹಳದಿಯಾಗಿ ನೇತಾಡುತ್ತಿತ್ತು. ಅದರ ಕೆಳಗೇ ನಿಂತು, "ನೀವು ಬಾರದಿದ್ದರೆ ಪಂದ್ಯಕ್ಕೆ ಕಳೆ ಇಲ್ಲ ಸರ್ವೋತ್ತಮರೇ" ಅಂದೆ. ಚಿಕ್ಕಂದಿನಿಂದ ನೀನು ಅಂದವಳು ನೀವು ಅಂದದ್ದು ಕೇಳಿ ಅವನ ಮುಖ ಸಣ್ಣಗಾಯಿತು. ಆದರೂ "ಬರ್ತೇನೆ ಕುಶಲಕ್ಕ" ಅಂದ. ಬಾರದಿದ್ದರೆ ಹೆದರಿದ ಅನ್ನುತ್ತಾರಲ್ಲ!

ದಾಸುವನ್ನೂ ಬಲವಂತವಾಗಿ ಎಬ್ಬಿಸಿದೆ. "ನಾನು ಬರುವುದಿಲ್ಲ ಅಕ್ಕ, ಅವರ ಬಾಯಿಗೆ ಬೀಳಲಾರೆ" ಅಂದ. "ಕೊಡೆ ಹಿಡಿದು ನನ್ನ ಹಿಂದೆ ನಿಂತರೆ ಸಾಕು, ಇವತ್ತು ಬಾಯಿ ಮುಚ್ಚುವವರು ಅವರು" ಅಂದೆ. ನನ್ನ ಮನಸ್ಸಿನಲ್ಲಿದ್ದದ್ದನ್ನು ಅವನಿಗೂ ಹೇಳಿರಲಿಲ್ಲ.

ಒಂದೇ ತೊಡಕು. ಸರ್ವೋತ್ತಮನ ಒಂದು ಗುಂಡು ತಪ್ಪಿ ಮರಳಿಗೆ ಹೋದರೆ ನನ್ನದು ಸೇರಿ ಸರಿಯಾಗಿ ಹತ್ತಾಗುತ್ತದೆ, ಅವನೇ ಗೆಲ್ಲುತ್ತಾನೆ! ಅದಕ್ಕೇ ಕಡಲ ಗಾಳಿ ಏಳುವ ಮೊದಲೇ, ಬೆಳಗ್ಗಿನ ತಂಪಿನಲ್ಲಿ ಪಂದ್ಯ ಶುರು ಮಾಡಿಸಿದೆ. ಅವನ ಪಕ್ಕದ ಚಾಪೆ ನನ್ನದು. ಅವನು ಒಂದೊಂದು ಗುಂಡು ಹಾರಿಸುವಾಗಲೂ ನಾನು ಒಳಗೊಳಗೇ "ಸರಿಯಾಗಿ ಹೊಡಿ, ನಿನ್ನ ಕೈ ನಡುಗದಿರಲಿ" ಅಂತ ಹರಸುತ್ತಿದ್ದೆ. ಹಗೆಯವನ ಗುರಿ ತಪ್ಪದಿರಲಿ ಅಂತ ಮಂಗಳಾದೇವಿಗೆ ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು.

ಕೊನೆಯ ತೋಟೆ. ಎದ್ದೆ, ತಿರುಗಿ ಕೈ ಮುಗಿದೆ, ಮಲಗಿದೆ. ಸರ್ವೋತ್ತಮ ಎಂದಿನಂತೆ ಏಳದೆ ತನ್ನದನ್ನು ಹೊಡೆದು ಮುಗಿಸಿದ್ದ. ನಾನು ಅವನ ತಟ್ಟಿಯ ಕಪ್ಪು ಬೊಟ್ಟಿನ ನಡುವಿಗೆ ಗುರಿ ಇಟ್ಟು, ಉಸಿರು ಹಿಡಿದು ಕೋವಿಯ ಕುದುರೆ ಎಳೆದೆ. ಆ ಒಂದು ಗುಂಡಿನಷ್ಟು ಸುಖ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ವಿಲ್ಲಿ ಪೊರ್ಬುಗಳು ಕಾಗದ ತಂದರು. ನನ್ನದರಲ್ಲಿ ಒಂಬತ್ತು, ಯಾರೂ ಕೇಳಲಿಲ್ಲ. ಸರ್ವೋತ್ತಮನದ್ದು ಎಣಿಸಿದರು. ಕನ್ನಡಕ ಒರೆಸಿಕೊಂಡರು. ಮತ್ತೆ ಎಣಿಸಿದರು.

"ಹನ್ನೊಂದು" ಅಂದರು.

ಸರ್ವೋತ್ತಮ ಕಾಗದ ಕಸಿದುಕೊಂಡು ನೋಡಿದ. ಆಮೇಲೆ ನನ್ನ ಕಾಗದ ನೋಡಿದ. ಆಮೇಲೆ ನನ್ನನ್ನು. ಅವನಿಗೆ ಎಲ್ಲ ಅರ್ಥವಾಯಿತು. ಬಾಯಿ ತೆರೆದ. ನಾನು ನಕ್ಕೆ. ಹೇಳು ಮಗನೇ, ಪಕ್ಕದವಳ ಗುಂಡು ಅಂತ ಹೇಳು. ಹೇಳಿದರೆ ಹೋದ ವರ್ಷದ ನಿನ್ನ ಒಂಬತ್ತರ ಕಥೆ ಎಂತದ್ದು ಅಂತ ನಾನು ಕೇಳುತ್ತೇನೆ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ತಲೆ ತಗ್ಗಿಸಿದ. ಕಳ್ಳ ಅನ್ನಿಸಿಕೊಂಡರೂ ಸರಿ, ಸತ್ಯ ಬೇಡ ಅಂತ ಅವನು ಆರಿಸಿಕೊಂಡಿದ್ದ.

ಆಗಲಿ, ಕಳ್ಳನೇ ಆಗು. ನನಗೆ ಅಷ್ಟೇ ಸಾಕು ಅಂದುಕೊಂಡೆ. ಆಗ ಬೋಜ ಚಪ್ಪಾಳೆ ತಟ್ಟಿ ಕೂಗಿದ: "ಇಕೊಳ್ಳಿ, ಇನ್ನೊಬ್ಬ ಪತ್ತೊಂಜಿ! ದಾಸನೇ ಕಲಿಸಿಕೊಟ್ಟದ್ದು ಇರಬೇಕು! ಇಬ್ಬರದ್ದೂ ಒಂದೇ ಮೊಳೆ!"

ಜನ ಬಿದ್ದು ಬಿದ್ದು ನಕ್ಕರು. ನನ್ನ ನಗು ಬಾಯಲ್ಲೇ ಸತ್ತಿತು. ತಿರುಗಿ ನೋಡಿದರೆ ದಾಸು ಕೊಡೆಯನ್ನು ಮರಳಲ್ಲಿ ಬಿಟ್ಟು ದೋಣಿಯ ಕಡೆ ನಡೆಯುತ್ತಿದ್ದ. ಅಯ್ಯೋ ಕುಶಲಾ, ನೀನು ಎಂತ ಮಾಡಿದೆ! ಇಷ್ಟು ದಿನ ಹೋಟೆಲಿನ ಗೋಡೆಯಲ್ಲಿದ್ದ ಕಳಂಕವನ್ನು ನಾನೇ ಇಲ್ಲಿಗೆ ಹೊತ್ತು ತಂದು ಇನ್ನೊಂದು ಮೊಳೆ ಹೊಡೆದಿದ್ದೆ. ನಾನು ಸುಮ್ಮನಿದ್ದರೆ ಸರ್ವೋತ್ತಮ ಸಾಯುವವರೆಗೆ ಕಳ್ಳ. ನನ್ನ ತಮ್ಮನೂ ಸಾಯುವವರೆಗೆ ಕಳ್ಳ. ಬಾಯಿ ಬಿಟ್ಟರೆ ಇಬ್ಬರೂ ಪಾರು. ಆ ನಾಯಿ ಪಾರಾಗುವುದಾ? ನಾನು ಕೈಯಾರೆ ಹಿಡಿದದ್ದನ್ನು ಬಿಡುವುದಾ? ಹಲ್ಲು ಕಡಿದೆ. ದಾಸು ಆಗಲೇ ನೀರಿಗೆ ಕಾಲಿಟ್ಟಿದ್ದ.

"ನಿಲ್ಲು ದಾಸು!" ಅಂತ ಕಿರುಚಿದೆ. "ಬೋಜ, ಬಾಯಿ ಮುಚ್ಚು! ಆ ಗುಂಡು ನನ್ನದು. ನನ್ನ ಕೊನೆಯ ಗುಂಡು. ಬೇಕು ಅಂತಲೇ ಅವನ ತಟ್ಟಿಗೆ ಹೊಡೆದೆ."

ಎರಡೂ ಕಾಗದ ಎತ್ತಿ ಹಿಡಿದೆ. "ಪೊರ್ಬುಗಳೇ, ನನ್ನ ಕಾಗದ ನೋಡಿ, ಒಂಬತ್ತು. ಅವನದು ಹನ್ನೊಂದು. ಕೈ ಮುಗಿಯಲು ಎದ್ದು, ತಿರುಗಿ ಮಲಗಿದವನು ಪಕ್ಕದ ತಟ್ಟಿಗೆ ಹೊಡೆಯುವುದು ಎಷ್ಟು ಸುಲಭ ಅಂತ ನಿಮಗೆ ಯಾರಿಗೂ ತೋಚಲಿಲ್ಲವಾ? ನಾನು ಬೇಕು ಅಂತ ಮಾಡಿದ್ದನ್ನು ಹೋದ ವರ್ಷ ಒಬ್ಬ ತಿಳಿಯದೆ ಮಾಡಿದ. ಮಾಡಿ, ತಿಳಿದ ಮೇಲೂ ಬಾಯಿ ಮುಚ್ಚಿ ಕೂತ." ನಾನು ಸರ್ವೋತ್ತಮನ ಮುಂದೆ ಹೋಗಿ ನಿಂತೆ. ನೀವು, ನೀನು ಎಲ್ಲ ಮರೆತುಹೋಗಿತ್ತು. "ಹೇಳೋ. ಆ ದಿನ ನಿನ್ನ ಕಾಗದದಲ್ಲಿ ಎಷ್ಟಿತ್ತು? ನಿನ್ನ ಸೊಂಟ ನೋವು ಯಾವಾಗಿನಿಂದ?"

ಅವನು ಏನೋ ಗೊಣಗಿದ.

"ಗಟ್ಟಿಯಾಗಿ ಹೇಳು. ಗಾಳಿ ಎದ್ದಿದೆ, ಹಿಂದಿನವರಿಗೆ ಕೇಳುವುದಿಲ್ಲ."

"ಒಂಬತ್ತು" ಅಂದ ಸರ್ವೋತ್ತಮ. ಸ್ವರ ಒಡೆದಿತ್ತು. "ದಾಸುವಿನ ಕಾಗದಕ್ಕೆ ಬಿದ್ದದ್ದು ನನ್ನ ಗುಂಡು. ನನಗೆ ಆವತ್ತೇ ಗೊತ್ತಿತ್ತು."

ದಾಸು ತಿರುಗಿ ಬರುತ್ತಿದ್ದ. ಒದ್ದೆಯಾದ ಪಂಚೆ ಕಾಲಿಗೆ ಅಂಟಿಕೊಂಡಿತ್ತು. ಸರ್ವೋತ್ತಮನ ಎದುರು ನಿಂತು ಅವನ ಮುಖವನ್ನೇ ತುಂಬ ಹೊತ್ತು ನೋಡಿದ. ಹೊಡೆಯುತ್ತಾನೆ ಅಂತ ನಾನು ಕಾದೆ. ಹೊಡೆಯಲಿ ಅಂತ ಆಸೆಯೂ ಇತ್ತು. ಸರ್ವೋತ್ತಮ ಅಳಲು ಶುರು ಮಾಡಿದ. ದಾಸು ಅವನನ್ನು ದಾಟಿ ಬಂದುಬಿಟ್ಟ, ಅಲ್ಲಿ ಯಾರೂ ನಿಂತಿರಲಿಲ್ಲ ಎಂಬ ಹಾಗೆ.

ವಿಲ್ಲಿ ಪೊರ್ಬುಗಳು ಕೆಮ್ಮಿದರು. "ಕುಶಲಾಬಾಯಿ, ಬೇಕು ಅಂತ ಬೇರೆಯವರ ಕಾಗದಕ್ಕೆ ಹೊಡೆದದ್ದೂ ಮೋಸವೇ. ನೀವು ಇನ್ನು ಪಂದ್ಯದಲ್ಲಿ ಹೊಡೆಯುವ ಹಾಗಿಲ್ಲ."

"ಹೊಡೆಯುವುದಿಲ್ಲ. ನನ್ನನ್ನೂ ಹೊರಗೆ ಹಾಕಿ. ಆದರೆ ಮೊದಲು ಅವನನ್ನು" ಅಂದೆ.

ಸರ್ವೋತ್ತಮ ತನ್ನ ಕೋವಿಯನ್ನೂ ತೆಗೆದುಕೊಳ್ಳದೆ ಉಳ್ಳಾಲದ ಕಡೆಗೆ ನಡೆದುಹೋದ. ನಮ್ಮ ದೋಣಿಯಲ್ಲಿ ಅವನಿಗೆ ಜಾಗ ಇಲ್ಲ ಅಂತ ಯಾರೂ ಹೇಳಬೇಕಾಗಲಿಲ್ಲ. ನಾನು ಅವನ ಬೆನ್ನು ಕಾಣುವವರೆಗೂ ನೋಡಿದೆ. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಬೆನ್ನು ಕಾಣುತ್ತದೆ, ತೃಪ್ತಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಹಿಂದೆ ಚಾಪೆ ಸದ್ದಾಯಿತು. ದಾಸು ನನ್ನ ಜಾಗದಲ್ಲಿ ಮಲಗಿ, ನನ್ನ ಕೋವಿಯನ್ನು ಭುಜಕ್ಕೆ ಒತ್ತಿಕೊಂಡಿದ್ದ. ಒಂದು ವರ್ಷ ಅವನು ಕೋವಿ ಮುಟ್ಟಿರಲಿಲ್ಲ. ಜನ ಸುತ್ತ ನಿಂತಿದ್ದರು, ಬೋಜನ ಬಾಯಿಯೂ ಮುಚ್ಚಿತ್ತು.

"ಅಕ್ಕ, ತೋಟೆ ಉಂಟಾ?" ಅಂತ ಕೇಳಿದ.

ನನಗೆ ಕಣ್ಣು ಕಾಣಲಿಲ್ಲ. ಪೊರ್ಬುಗಳ ಕೈಯಿಂದ ಪೆಟ್ಟಿಗೆಯನ್ನೇ ಕಸಿದು ಅವನ ಪಕ್ಕದಲ್ಲಿ ಸುರಿದೆ. "ಎಣಿಸಬೇಡ, ಹೊಡಿ" ಅಂದೆ.